ಮುಖದ ಕಲೆ, ಕುಂಚದ ಕಲೆ

ನಿಮ್ಮ ಮನೆಯ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟವೊಂದು ಇರಬಹುದು. ಈ ಲೇಖನವನ್ನು ಮುಂದಕ್ಕೆ ಓದುವ ಮೊದಲು ಒಮ್ಮೆ ಎದ್ದು ಹೋಗಿ ಅದನ್ನು ನೋಡಿ ಬರಬೇಕೆಂದು ವಿನಂತಿ. ಆ ಪಟದೆದುರು ನೀವು ಎಷ್ಟೋ ಸಂಜೆ ಜಪಸರ ಹಿಡಿದು ಕುಳಿತಿದ್ದೀರಿ. ಇಂದು ಮಾತ್ರ ಒಬ್ಬ ಚಿತ್ರಗಾರ ನೋಡುವಂತೆ ನೋಡಿ. ಹಣೆ ನುಣುಪಾಗಿದೆ, ಮೂಗು ನೇರವಾಗಿದೆ, ಗಡ್ಡ ನೀಟಾಗಿ ಇಬ್ಭಾಗವಾಗಿದೆ, ಕೈಬೆರಳುಗಳು ಎಂದೂ ಉಳಿ-ಬಾಚಿ ಹಿಡಿದವಲ್ಲ. ನಜರೇತಿನ ಬಡಗಿಯ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರ ಕೈಗಳು ಹೀಗಿದ್ದವೇ ಎಂಬ ಪ್ರಶ್ನೆ ನಿಮಗೆ ಎಂದಾದರೂ ಬಂದಿದೆಯೇ?

ನಮ್ಮ ಮನೆಗಳಲ್ಲಿರುವ ಇಂತಹ ಪಟಗಳಲ್ಲಿ ಹೆಚ್ಚಿನವುಗಳ ಮೂಲ ಹುಡುಕುತ್ತ ಹೋದರೆ ನಾವು ರೋಮಾಪುರಿಯ ಯೇಸುಸಭೆಯ ಜೆಸು ದೇವಾಲಯವನ್ನು ತಲುಪುತ್ತೇವೆ. ಅಲ್ಲಿ ಪೊಂಪೆಯೊ ಬಟೋನಿ ಎಂಬ ಚಿತ್ರಗಾರ 1767ರಲ್ಲಿ ತಾಮ್ರದ ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಪವಿತ್ರ ಹೃದಯದ ಚಿತ್ರವಿದೆ. ಅದರ ಪ್ರತಿ, ಪ್ರತಿಯ ಪ್ರತಿ, ಅದರ ಮುದ್ರಣ, ಮುದ್ರಣದ ಕ್ಯಾಲೆಂಡರ್. ಹೀಗೆ ಎರಡೂವರೆ ಶತಮಾನ ಇಳಿಯುತ್ತ ಇಳಿಯುತ್ತ ಅದು ನಮ್ಮ ಬೈಠಕ್ಕಿನ ಮೊಳೆಗೆ ಬಂದು ನಿಂತಿದೆ. ಪ್ರತಿ ಇಳಿತದಲ್ಲಿಯೂ ಮುಖ ಇನ್ನಷ್ಟು ನುಣುಪಾಗಿದೆ. ಭಕ್ತಿಗೆ ಇದರಿಂದ ಕೊರತೆಯಾಯಿತೆಂದು ನಾನು ಹೇಳಲಾರೆ. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತ ತಾಯಿಗೆ ಶಾಂತವಾದ ಒಂದು ಮುಖ ಬೇಕು. ಆಕೆಯೊಡನೆ ಚಿತ್ರಕಲೆಯ ವಾದ ಹೂಡುವುದು ಅವಿವೇಕ. ಆದರೂ ಈ ನುಣುಪಿನ ಅಭ್ಯಾಸ ದೇವರ ಪಟದಲ್ಲಿ ನಿಲ್ಲದೆ ಮನುಷ್ಯರ ಚಿತ್ರಕ್ಕೂ ಹಬ್ಬಿದಾಗ ಏನಾಗುತ್ತದೆ ಎಂಬುದನ್ನು ನಾನು ನನ್ನ ಕೈಯಾರೆ ಮಾಡಿದ ಒಂದು ತಪ್ಪಿನಿಂದ ಕಲಿತೆ.

ಮಹಾಲಿಂಗಪುರ ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಊರು. ಇಲ್ಲಿ ಭಾವಚಿತ್ರ ಬರೆಯುವವನಿಗೆ ಕೆಲಸ ಬರುವುದು ಹೆಚ್ಚಾಗಿ ಸಾವಿನ ಮನೆಯಿಂದ. ತೀರಿಹೋದವರ ಸಣ್ಣ ಫೋಟೊ ಒಂದನ್ನು ತರುತ್ತಾರೆ. ಅದನ್ನು ಚೌಕಳಿ ಹಾಕಿ ಹಿಗ್ಗಿಸಿ, ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಬರೆದು ವರ್ಷಾಂತಿಕದೊಳಗೆ ಕೊಡಬೇಕು. ಕೆಲವು ವರ್ಷಗಳ ಹಿಂದೆ ಬನಹಟ್ಟಿಯ ನೇಕಾರರೊಬ್ಬರು ತಮ್ಮ ತಾಯಿಯ ಫೋಟೊ ತಂದರು. ಮತದಾರರ ಗುರುತಿನ ಚೀಟಿಗಾಗಿ ತೆಗೆದದ್ದು. ಎದುರಿನಿಂದ ಬಿದ್ದ ಬೆಳಕು ಮುಖದ ನೆರಳುಗಳನ್ನೆಲ್ಲ ಒರೆಸಿಹಾಕಿತ್ತು. ಆದರೂ ಕೆನ್ನೆ ಮತ್ತು ಹಣೆಯ ಮೇಲೆ ಸಿಡುಬಿನ ಗುಳಿಗಳು ಮಾತ್ರ ಕಾಣುತ್ತಿದ್ದವು.

"ಮಾಸ್ತರ್ರ, ಮುಖದ ಮ್ಯಾಲಿನ ಕಲಿ ಅಷ್ಟು ತಗದು ಬಿಡ್ರಿ. ಒಂದೀಟು ನಗೋ ಹಂಗ ಮಾಡ್ರಿ" ಎಂದರು ಅವರು.

ನಾನು ಹಾಗೆಯೇ ಮಾಡಿದೆ. ಗುಳಿಗಳನ್ನು ತುಂಬಿದೆ, ತುಟಿಯ ಅಂಚನ್ನು ಮೇಲಕ್ಕೆಳೆದೆ, ಕಣ್ಣಿನ ಕೆಳಗಿನ ಚೀಲಗಳನ್ನು ಇಳಿಸಿದೆ. ಬಣ್ಣ ಚೆನ್ನಾಗಿ ಕೂತಿತ್ತು. ಹಣ ಕೊಟ್ಟು ಒಯ್ದರು. ಹದಿನೈದು ದಿನಗಳಾದ ಮೇಲೆ ಚಿತ್ರವನ್ನು ಧೋತರದಲ್ಲಿ ಸುತ್ತಿಕೊಂಡು ಅವರೇ ಮರಳಿ ಬಂದರು. ಮುಖದಲ್ಲಿ ಸಂಕೋಚ. "ಚಿತ್ರ ಚಲೋ ಆಗೈತ್ರಿ ಮಾಸ್ತರ್ರ. ಆದ್ರ ನಮ್ಮ ಸಣ್ಣ ಹುಡುಗಿ ಒಪ್ಪವಲ್ಲಳು. ಈಕಿ ನಮ್ಮ ಆಯಿ ಅಲ್ಲ ಅಂತಾಳ" ಎಂದರು. ಆಯಿಯ ತೊಡೆಯ ಮೇಲೆ ಮಲಗಿ ಆಕೆಯ ಕೆನ್ನೆಯ ಗುಳಿಗಳನ್ನು ಬೆರಳಿನಿಂದ ಎಣಿಸುತ್ತ ನಿದ್ದೆ ಹೋಗುವುದು ಆ ಮಗುವಿನ ರೂಢಿಯಾಗಿತ್ತಂತೆ. ನಾನು ತೆಗೆದುಹಾಕಿದ್ದು ಆ ಗುಳಿಗಳನ್ನೇ.

ಕನ್ನಡದಲ್ಲಿ 'ಕಲೆ' ಎಂಬ ಒಂದೇ ಪದ ಚಿತ್ರಗಾರನ ವಿದ್ಯೆಗೂ, ಚರ್ಮದ ಮೇಲೆ ಗಾಯ ಉಳಿಸಿಹೋದ ಗುರುತಿಗೂ ಸಲ್ಲುತ್ತದೆ. ಅಂದು ನಾನು ಒಂದನ್ನು ಮೆರೆಸಲು ಹೋಗಿ ಇನ್ನೊಂದನ್ನು ಅಳಿಸಿದ್ದೆ. ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಆ ಗುರುತು ಹೊತ್ತ ಮುಖಗಳು ಈಗ ನಮ್ಮ ನಡುವಿನಿಂದ ಒಂದೊಂದಾಗಿ ಮರೆಯಾಗುತ್ತಿವೆ. ಸಾವಿನ ಬಾಯಿಂದ ತಿರುಗಿ ಬಂದು, ಮದುವೆಯಾಗಿ, ಮಗ್ಗಕ್ಕೆ ನೂಲು ಸುತ್ತಿ, ಮಕ್ಕಳನ್ನು ಬೆಳೆಸಿದ ಹೆಂಗಸಿನ ಮುಖದ ಮೇಲೆ ಆಕೆ ಗೆದ್ದ ಯುದ್ಧದ ಸಾಕ್ಷಿ ಇತ್ತು. ಅದನ್ನು ದೋಷವೆಂದು ಬಗೆದವರು ಮಗ ಮತ್ತು ನಾನು, ಇಬ್ಬರು ದೊಡ್ಡವರು.

ಈ ಘಟನೆಯ ನಂತರ ನಾನು ಮಂಗಳೂರಿಗೆ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಬೇರೆ ಕಣ್ಣಿನಿಂದ ನೋಡಿದೆ. ನಿಮ್ಮಲ್ಲಿ ಹಲವರು ಯಾತ್ರೆಗೋ ಮದುವೆಗೋ ಹೋದಾಗ ಅದನ್ನು ನೋಡಿರಬಹುದು. 1884ರಲ್ಲಿ ಕಟ್ಟಿದ ಈ ಮಂದಿರದ ಗೋಡೆ ಮತ್ತು ಮೇಲ್ಛಾವಣಿಯನ್ನು ಚಿತ್ರಗಳಿಂದ ತುಂಬಿದವರು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಮೊ ನಗರದ ಬಳಿಯ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, 1889ರಲ್ಲಿ ಸಭೆಯನ್ನು ಸೇರಿದವರು. ಮಂಗಳೂರಿನ ಈ ಕೆಲಸವನ್ನು 1899ರಿಂದ 1901ರ ಅವಧಿಯಲ್ಲಿ ಮುಗಿಸಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಗೋಡೆಯ ಚಿತ್ರಗಳನ್ನು ಅವರು ಬರೆದದ್ದು ಹಸಿಯಾದ ಸುಣ್ಣದ ಗಾರೆಯ ಮೇಲೆ. ಈ ವಿಧಾನದ ಕಷ್ಟ ಏನೆಂದು ಮನೆ ಕಟ್ಟಿಸಿದ ಯಾರಿಗಾದರೂ ಅರ್ಥವಾದೀತು. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಬೇಕು. ಒಣಗುತ್ತ ಬಂದಂತೆ ಸುಣ್ಣವೇ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಅಂದಿನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಗಾರೆ ಬಳಿಯಬೇಕು. ತಪ್ಪಿದರೆ ಒರೆಸಲಾಗದು, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಮೇಲ್ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣದವು. ಕಂಬದ ಅಂಚು, ಕಟ್ಟು, ಹೂಮಾಲೆಗಳನ್ನು ಅವರು ಬರೆದ ಬಗೆ ಹೇಗಿದೆಯೆಂದರೆ, ಕೆತ್ತನೆಯೋ ಬರೆದದ್ದೋ ಎಂದು ತಿಳಿಯಲು ಕೈಯಿಂದ ಮುಟ್ಟಿ ನೋಡಬೇಕು ಎನ್ನಿಸುತ್ತದೆ. ಕರಾವಳಿಯ ಮಳೆ ಮತ್ತು ಉಪ್ಪುಗಾಳಿಯಲ್ಲಿ, ಎರಡು-ಮೂರು ವರ್ಷಗಳಲ್ಲಿ, ಇಷ್ಟು ಕೆಲಸ! ಈ ವಿಷಯದಲ್ಲಿ ನಾನು ತಲೆಬಾಗುತ್ತೇನೆ.

ಆದರೆ ಮುಖಗಳ ವಿಷಯದಲ್ಲಿ ನನ್ನದೊಂದು ತಕರಾರಿದೆ. ಸಂತ ಅಲೋಶಿಯಸ್ ಗೊನ್ಜಾಗ ಅರಸುಮನೆತನವನ್ನು ತೊರೆದು, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತ, 1591ರಲ್ಲಿ ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಡಿದವರು. ಈ ಬಾಳಿನ ಕಥೆಯನ್ನೇ ಮೊಸ್ಕೇನಿ ಛಾವಣಿಯಲ್ಲಿ ಬಿಡಿಸಿದ್ದಾರೆ. ಅರಮನೆಯ ದೃಶ್ಯಗಳಲ್ಲಿ ಅವರ ಕುಂಚ ಸಹಜವಾಗಿ ಓಡುತ್ತದೆ. ರೋಗಿಗಳ ನಡುವೆ ಬಂದಾಗ ಮಾತ್ರ, ನನಗೆ ಕಂಡಂತೆ, ಅದು ಹಿಂಜರಿಯುತ್ತದೆ. ಯಾತನೆ ಅಲ್ಲಿ ಭಂಗಿಯಾಗಿ ಇದೆ, ದೇಹವಾಗಿ ಇಲ್ಲ. ಪ್ಲೇಗ್ ಬಂದವನ ಮೈ ಹೇಗೆ ಮುದುಡುತ್ತದೆ, ಎತ್ತಿಕೊಂಡವನ ಸೊಂಟ ಆ ಭಾರಕ್ಕೆ ಹೇಗೆ ಬಳುಕುತ್ತದೆ ಎಂಬುದನ್ನು ನೋಡಿ ಬರೆದವರ ಗೆರೆ ಬೇರೆ ಇರುತ್ತದೆ. ಸಂತನ ತ್ಯಾಗದ ಬೆಲೆ ತಿಳಿಯುವುದು ರೋಗದ ಅಸಹ್ಯ ಕಂಡಾಗ. ಆ ಅಸಹ್ಯವನ್ನು ಮರೆಸಿದರೆ ತ್ಯಾಗವೂ ಅಷ್ಟರಮಟ್ಟಿಗೆ ಸಣ್ಣದಾಗುತ್ತದೆ. ಬನಹಟ್ಟಿಯ ಆಯಿಯ ಗುಳಿ ತುಂಬಿದ ನಾನು ಈ ಮಾತು ಆಡಬಹುದೇ ಎಂದು ನೀವು ಕೇಳಬಹುದು. ಆಡಬಹುದು; ಅದೇ ರೋಗ ನನಗೂ ಇದ್ದುದರಿಂದ ಗುರುತು ಹಿಡಿಯುತ್ತೇನೆ.

ದೇವಾಲಯದ ಚಿತ್ರಕ್ಕೆ ಇಂತಹ ನುಣುಪು ಅನಿವಾರ್ಯವೆಂದು ಹೇಳುವವರಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಮೊಸ್ಕೇನಿಗಿಂತ ಮುನ್ನೂರು ವರ್ಷ ಮೊದಲೇ ಅವರದೇ ದೇಶದ ಕರವಾಜ್ಜೊ ರೋಮಿನ ಬೀದಿಯ ಜನರನ್ನೇ ಕರೆತಂದು ಸಂತರನ್ನಾಗಿ ಕೂರಿಸಿದ್ದ. ಸಂತ ಮತ್ತಾಯನನ್ನು ಅವನು ಬರಿಗಾಲಿನ ದಡ್ಡ ರೈತನಂತೆ, ದೇವದೂತ ಕೈಹಿಡಿದು ಅಕ್ಷರ ಬರೆಯಿಸುತ್ತಿರುವಂತೆ ಬರೆದ. ಆ ಚಿತ್ರವನ್ನು ದೇವಾಲಯದವರು ಒಪ್ಪಲಿಲ್ಲ; 1602ರಲ್ಲಿ ಇನ್ನೊಂದನ್ನು ಬರೆಯಬೇಕಾಯಿತು. ತಿರಸ್ಕೃತವಾದ ಮೊದಲ ಚಿತ್ರ ಕೊನೆಗೆ ಬರ್ಲಿನ್ನಿಗೆ ಸೇರಿ 1945ರಲ್ಲಿ ಯುದ್ಧದ ಬೆಂಕಿಯಲ್ಲಿ ನಾಶವಾಯಿತು. ಅದೇ ಕಾಲದಲ್ಲಿ ಅವನು ಬರೆದ ಸಂತ ತೋಮನ ಚಿತ್ರ ಮಾತ್ರ ಇಂದಿಗೂ ಉಳಿದಿದೆ. ಪುನರುತ್ಥಾನರಾದ ಪ್ರಭು ತೋಮನ ಕೈ ಹಿಡಿದು, ಅವನ ಬೆರಳನ್ನು ತಮ್ಮ ಪಕ್ಕೆಯ ಗಾಯದೊಳಕ್ಕೆ ಒಯ್ಯುತ್ತಿದ್ದಾರೆ. ತೋಮನ ಅಂಗಿಯ ಭುಜ ಹರಿದಿದೆ. ಹಣೆಯಲ್ಲಿ ನೆರಿಗೆಗಳು. ಸಾವನ್ನು ಗೆದ್ದು ಬಂದ ದೇಹ ತನ್ನ ಗಾಯಗಳನ್ನು ಏಕೆ ಉಳಿಸಿಕೊಂಡಿತು ಎಂದು ಸಂತ ಯೋವಾನ್ನರ ಶುಭಸಂದೇಶ ಓದುವಾಗಲೆಲ್ಲ ನಾನು ಯೋಚಿಸಿದ್ದೇನೆ. ಶಿಷ್ಯರು ತಮ್ಮ ಗುರುವನ್ನು ಗುರುತಿಸಿದ್ದು ಆ ಕಲೆಗಳಿಂದ. ಆಯಿಯ ಮೊಮ್ಮಗಳು ಕೇಳಿದ್ದೂ ತೋಮನು ಕೇಳಿದ್ದನ್ನೇ.

ನಮ್ಮ ದೇಶದಲ್ಲಿಯೂ ಬದಲಾವಣೆಯ ಪ್ರಯತ್ನಗಳಾದವು. ಗೋವಾದ ಅಂಜೆಲೊ ದ ಫೊನ್ಸೆಕ (1902–1967) ಶಾಂತಿನಿಕೇತನದಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿ, ಮಾತೆ ಮರಿಯಳಿಗೆ ಸೀರೆ ಉಡಿಸಿ ಗೋಧಿಬಣ್ಣದ ಮೈ ಕೊಟ್ಟರು. ಅದಕ್ಕಾಗಿ ತಮ್ಮವರಿಂದಲೇ ನಿಂದೆ ಕೇಳಿದರು. ಅವರ ಧೈರ್ಯ ದೊಡ್ಡದು. ಆದರೂ ಸೀರೆ ಉಡಿಸಿದ ಮಾತ್ರಕ್ಕೆ ಮುಖ ನಮ್ಮದಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಮರಿಯ ಸೌಮ್ಯೆ, ಸುಕುಮಾರಿ. ಕೊಡ ಹೊತ್ತವಳ ಕತ್ತು ಅವಳಿಗಿಲ್ಲ.

ದೇಹವನ್ನು ನೋಡಿ ಬರೆಯುವ ವಿದ್ಯೆಯಲ್ಲಿ ನಮ್ಮ ನಾಡಿನ ದೊಡ್ಡ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿ, ಪ್ಯಾರಿಸ್ಸಿಗೂ ಹೋಗಿ ಬಂದು, 1996ರಲ್ಲಿ ತೀರಿಕೊಂಡವರು. ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ನರ್ತಕಿಯ ಇಡೀ ಮೈಯನ್ನು ಹಿಡಿದುಕೊಡುತ್ತವೆ. ಇದು ಕೈಚಳಕವೆಂದು ಅನೇಕರು ಭಾವಿಸುತ್ತಾರೆ. ಚಲನೆಯ ಲಯ ತಿಳಿಯಬೇಕೆಂದು ಅವರು ಸ್ವತಃ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದ್ದರು ಎಂಬುದು ಆಮೇಲೆ ತಿಳಿದಾಗ ಆ ಗೆರೆಗಳ ಹಿಂದಿನ ಬೆವರು ಕಾಣುತ್ತದೆ. ಮೈ ಎಲ್ಲಿ ಭಾರ ಹೊರುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ತನ್ನ ಮೈಯಲ್ಲಿಯೇ ಅರಿತವನಿಗೆ ಮಾತ್ರ ಅಷ್ಟು ಕಡಿಮೆ ಗೆರೆ ಸಾಕಾಗುತ್ತದೆ.

ನಮ್ಮ ಕಡೆಯ ನೇಕಾರನನ್ನು ಬರೆಯಲು ಕುಳಿತಾಗ ನನಗೆ ಇದರ ಅನುಭವವಾಯಿತು. "ಚಿತ್ರ ಬರೀತೀನಿ, ಕೂಡ್ರಿ" ಎಂದರೆ ಆತ ಅಂಗಿಯ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು ಕೂರುತ್ತಾನೆ. ಅದು ಅವನಲ್ಲ, ಫೋಟೊ ಸ್ಟುಡಿಯೋದ ಬೆಂಚು. "ನಿಮ್ಮ ಕೆಲಸ ನೀವು ಮಾಡ್ರಿ" ಎಂದು ಕುಣಿಮಗ್ಗದ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡಬೇಕು. ಕುಣಿಯಲ್ಲಿ ಇಳಿಬಿಟ್ಟ ಕಾಲು ಹಲಗೆ ತುಳಿಯುತ್ತದೆ, ಒಂದು ಕೈ ಹಗ್ಗ ಎಳೆದು ಲಾಳಿಯನ್ನು ಓಡಿಸುತ್ತದೆ, ಇನ್ನೊಂದು ಕೈ ಹೊಕ್ಕನ್ನು ಬಡಿದು ಕೂರಿಸುತ್ತದೆ. ಮೈ ಮತ್ತೆ ಮತ್ತೆ ಅದೇ ಬಾಗಿಗೆ ಬಂದು ಸೇರುತ್ತದೆ. ಬೇಕಾದ ಭಂಗಿ ತಪ್ಪಿತೆಂದು ಚಿಂತಿಸಬೇಕಿಲ್ಲ, ಮರುಕ್ಷಣ ಅದು ತಾನಾಗಿ ಬರುತ್ತದೆ. ಮೊದಲ ದಿನ ನನ್ನ ಹಾಳೆಗಳೆಲ್ಲ ವ್ಯರ್ಥವಾದವು. ಮೂರನೆಯ ದಿನ ಕಂಡದ್ದು ಇದು: ಹಗ್ಗ ಎಳೆಯುವ ಭುಜ ಇನ್ನೊಂದಕ್ಕಿಂತ ಎತ್ತರ. ಮಗ್ಗ ಬಿಟ್ಟು ಎದ್ದು ನಿಂತಾಗಲೂ ಅದು ಕೆಳಗಿಳಿಯಲಿಲ್ಲ. ಹಾಸು-ಹೊಕ್ಕು ಆ ಮನುಷ್ಯನನ್ನೂ ನೇಯ್ದಿದ್ದವು. ಅಂಗರಚನೆಯ ಪುಸ್ತಕದಲ್ಲಿ ಎರಡೂ ಭುಜಗಳು ಸಮವಾಗಿರುತ್ತವೆ; ಆ ಪುಸ್ತಕ ಕಲಿಯಲೇಬೇಕು, ಕಲಿತು ಮಗ್ಗದ ಮುಂದೆ ಕೂರಲೂ ಬೇಕು.

ಇನ್ನು ವಸ್ತುಚಿತ್ರದ ವಿಷಯ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕುಳಿತ ಮಕ್ಕಳಿಗೆಲ್ಲ ಇದರ ಪರಿಚಯವಿದೆ: ಸ್ಟೂಲಿನ ಮೇಲೆ ಒಂದು ಕೊಡ, ಒಂದು ಪುಸ್ತಕ, ಎರಡು ಬದನೆಕಾಯಿ, ಹಿಂದೆ ಒಂದು ಬಟ್ಟೆ. ಕೊಡದ ಬಾಯಿಯ ಅಂಡಾಕಾರ ಸರಿಬಂದರೆ ಪಾಸು. ಈ ಕಾರಣದಿಂದಲೇ ವಸ್ತುಚಿತ್ರವೆಂದರೆ ಮಕ್ಕಳ ಅಭ್ಯಾಸ, ದೊಡ್ಡವರಿಗೆ ತಕ್ಕದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನಗೂ ಇತ್ತು. ಅದನ್ನು ಅಲುಗಿಸಿದ್ದು ಡಚ್ ಚಿತ್ರಗಾರ ವಿನ್ಸೆಂಟ್ ವ್ಯಾನ್‌ಗೋನ ಒಂದು ಚಿತ್ರ.

ಸೂರ್ಯಕಾಂತಿಯ ಚಿತ್ರಗಳಿಂದ ನಿಮಗೆ ಅವನ ಹೆಸರು ಗೊತ್ತಿರಬಹುದು. ಅವನು ಪಾದ್ರಿಯ ಮಗನೆಂಬುದೂ, ಬೆಲ್ಜಿಯಂನ ಗಣಿ ಕೆಲಸಗಾರರ ನಡುವೆ ಧರ್ಮಬೋಧಕನಾಗಿ ದುಡಿದು, ಅವರಷ್ಟೇ ಬಡತನದಲ್ಲಿ ಬಾಳಲು ಹೋಗಿ ಕೆಲಸ ಕಳೆದುಕೊಂಡನೆಂಬುದೂ ಅಷ್ಟಾಗಿ ತಿಳಿದಿಲ್ಲ. ಚಿತ್ರಗಾರನಾದ ಮೇಲೆ ನ್ಯೂನೆನ್ ಎಂಬ ಹಳ್ಳಿಯಲ್ಲಿ ರೈತರ ಮುಖಗಳನ್ನು ಒಂದು ಚಳಿಗಾಲವೆಲ್ಲ ಬರೆದ, ಹತ್ತಾರು ಮುಖಗಳನ್ನು. ಅದರ ಫಲವಾಗಿ 1885ರಲ್ಲಿ ಆಲೂಗಡ್ಡೆ ಉಣ್ಣುವ ಒಂದು ಬಡ ಕುಟುಂಬದ ಚಿತ್ರ ಹುಟ್ಟಿತು. ನೆಲ ಅಗೆದ ಕೈಗಳೇ ತಟ್ಟೆಗೆ ಚಾಚಿವೆ ಎಂದು ಕಾಣಬೇಕು, ಆ ಊಟ ಅವರು ದುಡಿದು ಗಳಿಸಿದ್ದೆಂದು ತಿಳಿಯಬೇಕು ಎಂಬ ಆಶಯವನ್ನು ಅವನು ತಮ್ಮ ತೆಯೊನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಅದೇ ವರ್ಷದ ಮಾರ್ಚಿನಲ್ಲಿ ಅವನ ತಂದೆ ಹಠಾತ್ತಾಗಿ ತೀರಿಹೋದರು. ತಂದೆ-ಮಗನಿಗೆ ವಿಶ್ವಾಸದ ವಿಷಯದಲ್ಲಿ ಜಗಳವಿತ್ತು, ಅದು ಬಗೆಹರಿಯದೆ ಉಳಿಯಿತು. ಅಕ್ಟೋಬರಿನಲ್ಲಿ ಅವನು ತಂದೆಯ ದೊಡ್ಡ ಬೈಬಲನ್ನು ಮೇಜಿನ ಮೇಲೆ ತೆರೆದಿಟ್ಟು, ಪಕ್ಕದಲ್ಲಿ ಆರಿದ ಮೇಣದ ಬತ್ತಿಯನ್ನಿಟ್ಟು, ಮುಂದೆ ತಾನು ಓದುತ್ತಿದ್ದ ಜೋಲಾನ ಹಳದಿ ರಟ್ಟಿನ ಪುಟ್ಟ ಕಾದಂಬರಿಯನ್ನಿಟ್ಟು, ಒಂದೇ ದಿನದಲ್ಲಿ ಚಿತ್ರ ಮುಗಿಸಿದ.

ಈ ಚಿತ್ರದಲ್ಲಿ ಮನುಷ್ಯರಿಲ್ಲ. ಆದರೂ ನನಗೆ ತಿಳಿದ ಮಟ್ಟಿಗೆ ತಂದೆ-ಮಗನ ಭಾವಚಿತ್ರ ಇದಕ್ಕಿಂತ ನಿಜವಾದದ್ದು ಬೇರೊಂದಿಲ್ಲ. ದೊಡ್ಡ ಗ್ರಂಥ ಇಡೀ ಮೇಜನ್ನು ಆಳುತ್ತದೆ. ಕಾದಂಬರಿ ಓದಿ ಓದಿ ಮುದುಡಿ, ಅಂಚಿಗೆ ಬಂದು, ಬೀಳುವಂತಿದೆ. ಇಬ್ಬರಲ್ಲಿ ಯಾರು ಸರಿ ಎಂದು ಚಿತ್ರಗಾರ ಹೇಳಿಲ್ಲ. ಬೈಬಲಿನ ಅಕ್ಷರಗಳು ಓದಲಾಗದ ಬೂದು ಗೆರೆಗಳು. ಪುಟದ ತಲೆಬರಹ ಮಾತ್ರ ಸ್ಪಷ್ಟ. ಅದು ಪ್ರವಾದಿ ಯೆಶಾಯನ ಗ್ರಂಥ, ಐವತ್ತಮೂರನೆಯ ಅಧ್ಯಾಯ.

ಶುಭ ಶುಕ್ರವಾರದಂದು ಆ ಅಧ್ಯಾಯವನ್ನು ನೀವು ಕೇಳಿಯೇ ಇರುತ್ತೀರಿ. ಬಾಧೆಗಳನ್ನು ಹೊತ್ತ ಸೇವಕನಿಗೆ ನೋಡಿದವರ ಮನಸೆಳೆಯುವ ರೂಪವಿರಲಿಲ್ಲ, ಜನ ಅವನಿಂದ ಮುಖ ತಿರುಗಿಸಿದರು ಎಂದು ಅಲ್ಲಿ ಪ್ರವಾದಿ ಹೇಳುತ್ತಾನೆ. ನಮ್ಮ ಧರ್ಮಸಭೆ ಆ ಸೇವಕನಲ್ಲಿ ಕ್ರಿಸ್ತರನ್ನು ಕಂಡಿದೆ. ವಾಚನ ಮುಗಿಸಿ ಮನೆಗೆ ಬಂದು ನಾವು ಕೈಮುಗಿಯುವುದು ಮಾತ್ರ ಬಟೋನಿಯ ನುಣುಪು ಮುಖಕ್ಕೆ. ಇದನ್ನು ಟೀಕೆಯಾಗಿ ಬರೆಯುತ್ತಿಲ್ಲ. ನಾನೂ ಅದೇ ಪಟದೆದುರು ಬೆಳೆದವನು. ಎರಡಕ್ಕೂ ನಡುವಿನ ಈ ಅಂತರ ನಮ್ಮನ್ನು ಏಕೆ ಕಾಡುವುದಿಲ್ಲ ಎಂಬುದಷ್ಟೇ ನನ್ನ ಆಶ್ಚರ್ಯ.

ಆ ಚಿತ್ರದ ಮುದ್ರಣವನ್ನು ನೋಡಿದ ಮೇಲೆ ನಾನೂ ವಸ್ತುಗಳನ್ನು ಇಟ್ಟುಕೊಂಡು ಕೂತೆ. ಪೇಟೆಯಿಂದ ತಂದ ಒಂದು ಬೆಲ್ಲದ ಪೆಂಟಿ, ಎರಡು ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ. ಬೆಲ್ಲವನ್ನು ಬರೆಯುವುದು ಸುಲಭವಲ್ಲ. ದೂರದಿಂದ ಅದು ಕಂದು. ಹತ್ತಿರ ಬಂದರೆ ಅಂಚಿನಲ್ಲಿ ಬೆಳಕು ಒಳಗೆ ಇಳಿದು ಜೇನಿನಂತೆ ಹೊಳೆಯುತ್ತದೆ, ನಡುವೆ ಕಪ್ಪಾಗುತ್ತದೆ, ಅಚ್ಚಿನ ಗುರುತು ಮೈಮೇಲೆ ಉಳಿದಿರುತ್ತದೆ. ರೊಟ್ಟಿಯ ಮೇಲೆ ಬಡಿದ ಕೈಯ ಬೆರಳುಗಳೂ ಬೆಂಕಿಯ ಚುಕ್ಕೆಗಳೂ ಇರುತ್ತವೆ. ಮಾಡಿದವರ ಗುರುತು ಇಲ್ಲದ ವಸ್ತು ನಮ್ಮ ಅಡುಗೆಮನೆಯಲ್ಲಿ ಯಾವುದೂ ಇರಲಿಲ್ಲ. ಅಂದ ಹಾಗೆ, ನಾವು ಬಣ್ಣಕ್ಕೆ ಬೆರೆಸುವುದು ಅಗಸೆಯ ಎಣ್ಣೆ; ನಮ್ಮ ಹೊಲದ ಅದೇ ಅಗಸಿ, ರೊಟ್ಟಿಯ ಜೊತೆ ಹಿಂಡಿಯಾಗುವುದೂ ಅದೇ. ಆ ಚಿತ್ರ ಯಾರೂ ಕೊಳ್ಳದೆ ಇನ್ನೂ ನನ್ನ ಬಳಿಯೇ ಇದೆ. ಮನೆಗೆ ಬಂದವರು ರೊಟ್ಟಿಯ ಚಿತ್ರವನ್ನು ಯಾರು ಗೋಡೆಗೆ ಹಾಕುತ್ತಾರೆ ಎಂದು ನಗುತ್ತಾರೆ. ಬಲಿಪೂಜೆಯಲ್ಲಿ ನಾವು ಎತ್ತಿ ಅರ್ಪಿಸುವುದು ರೊಟ್ಟಿಯನ್ನೇ ಅಲ್ಲವೇ ಎಂದು ಕೇಳಿದರೆ ಸುಮ್ಮನಾಗುತ್ತಾರೆ, ಆದರೆ ಕೊಳ್ಳುವುದಿಲ್ಲ.

ಬನಹಟ್ಟಿಯ ಚಿತ್ರದ ಕಥೆ ಇನ್ನೂ ಮುಗಿದಿಲ್ಲ. ಹಳೆಯದರ ಮೇಲೆ ತಿದ್ದುವ ಬದಲು ಹೊಸ ಕ್ಯಾನ್ವಾಸ್ ತೆಗೆದುಕೊಂಡೆ. ಸಿಡುಬಿನ ಗುಳಿಯನ್ನು ಕಪ್ಪು ಚುಕ್ಕೆಯಾಗಿ ಇಟ್ಟರೆ ಅದು ಕೊಳೆಯಂತೆ ಕಾಣುತ್ತದೆ; ಗುಳಿ ಎಂದರೆ ಒಂದು ಅಂಚಿನಲ್ಲಿ ನೆರಳು, ಎದುರಂಚಿನಲ್ಲಿ ಬೆಳಕು. ಫೋಟೊದಲ್ಲಿ ನೆರಳೇ ಇರಲಿಲ್ಲವಾದ್ದರಿಂದ ಮಗನನ್ನು ಕಿಟಕಿಯ ಬಳಿ ಕೂರಿಸಿ, ತಾಯಿಯಿಂದ ಅವರಿಗೆ ಬಂದ ದವಡೆಯ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಿಕೊಂಡೆ. ಹುಡುಗಿಯನ್ನೂ ಕರೆಸಿದೆ. ಯಾವ ಗುಳಿ ಎಲ್ಲಿತ್ತೆಂದು ಆಕೆ ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದಳು. ಹುಬ್ಬಿನ ಬಳಿ ಒಂದು ದೊಡ್ಡದು, ಕಿವಿಯ ಕೆಳಗೆ ಮೂರು ಒಟ್ಟಿಗೆ. ಬರೆಸಿಕೊಳ್ಳಲು ಕೂತವರೇ ಇಲ್ಲದ ಭಾವಚಿತ್ರಕ್ಕೆ ನನಗೆ ಸಿಕ್ಕ ಒಬ್ಬಳೇ ಸಾಕ್ಷಿ ಆಕೆ. ನಗುವನ್ನು ತೆಗೆದುಬಿಟ್ಟೆ. ಆಯಿ ಹಾಗೆ ಸುಮ್ಮಸುಮ್ಮನೆ ನಗುವವಳಲ್ಲ ಎಂದು ಮನೆಯವರೇ ಹೇಳಿದರು. ತುಟಿ ಬಿಗಿದು, ಕಣ್ಣು ಸ್ವಲ್ಪ ಕಿರಿದಾಗಿ, ಲೆಕ್ಕ ಕೇಳುವ ಹೆಂಗಸಿನ ಮುಖ ಬಂತು.

ಎರಡನೆಯ ಚಿತ್ರಕ್ಕೆ ನಾನು ಹಣ ಕೇಳಲಿಲ್ಲ. ಮಗ ಬಹಳ ಹೊತ್ತು ನೋಡುತ್ತ ನಿಂತರು, ಏನೂ ಹೇಳಲಿಲ್ಲ. ಹುಡುಗಿ ಹತ್ತಿರ ಹೋಗಿ, ಇನ್ನೂ ಹಸಿಯಿದ್ದ ಬಣ್ಣವನ್ನು ಮುಟ್ಟಬಾರದೆಂದು ನಾನು ತಡೆಯುವಷ್ಟರಲ್ಲಿ ಕಿವಿಯ ಕೆಳಗೆ ಬೆರಳಿಟ್ಟೇಬಿಟ್ಟಳು. ಆಮೇಲೆ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅಪ್ಪನ ಕಡೆ ತಿರುಗಿ, "ಈಗ ಬೈತಾಳ ನೋಡು ಆಯಿ" ಎಂದಳು. ಆ ಬೆರಳಿನ ಗುರುತನ್ನು ನಾನು ತಿದ್ದಲಿಲ್ಲ.